ಮಳೆಗಿಂತ ಮೊದಲು ಬೆವರು: ನಮ್ಮ ಹವೆಗೆ ಒಪ್ಪುವ ತುಂಬುತೋಳಿನ ಸೈಕಲ್ ಅಂಗಿ

(ಧಾರವಾಡದಲ್ಲಿ ಸೈಕಲ್ ಸವಾರರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೆ, ಗೆಳೆಯರೆ,

ಧಾರವಾಡವು ಮಲೆನಾಡಿನ ಸೆರಗೂ ಬಯಲುಸೀಮೆಯ ಅಂಚೂ ಕೂಡುವ ಜಾಗದಲ್ಲಿರುವ ಊರು. ಇಲ್ಲಿಂದ ಪಡುವಣಕ್ಕೆ ಹಳಿಯಾಳದ ದಾರಿ ಹಿಡಿದವರು ಎರಡು ತಾಸು ತುಳಿಯುವಷ್ಟರಲ್ಲಿ ಸಾಗವಾನಿಯ ಕಾಡು, ಮಂಜು ಮತ್ತು ಬಿಡದ ಮಳೆಯ ನಡುವೆ ಇರುತ್ತಾರೆ. ಹುಬ್ಬಳ್ಳಿ ದಾಟಿ ಮೂಡಣಕ್ಕೆ ಅಣ್ಣಿಗೇರಿ, ಗದಗಿನ ಕಡೆ ಹೋದವರಿಗೆ ಅದೇ ಹೊತ್ತಿನಲ್ಲಿ ನೆರಳಿಲ್ಲದ ಎರೆಭೂಮಿ, ಬಿಸಿಲು ಮತ್ತು ಗಾಳಿ ಎದುರಾಗುತ್ತವೆ. ಊರೊಳಗೇ ಇದ್ದರೂ ಜುಲೈ ತಿಂಗಳ ಒಂದು ಮುಂಜಾನೆಯಲ್ಲಿ ಜಿಟಿಜಿಟಿ ಮಳೆ, ಅರ್ಧ ತಾಸು ಚುರುಕು ಬಿಸಿಲು, ಮತ್ತೆ ಮೋಡ, ಮತ್ತೆ ಹನಿ ಎಂಬ ಸರದಿ ನಮಗೆಲ್ಲ ಪರಿಚಿತವಾದದ್ದು. ಇಂತಹ ಹವೆಯಲ್ಲಿ ಸೈಕಲ್ ತುಳಿಯುವವರು ಎಂತಹ ತುಂಬುತೋಳಿನ ಅಂಗಿ ತೊಡಬೇಕು, ಆ ಅಂಗಿಯ ಬಟ್ಟೆ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂಬುದು ಇಂದಿನ ವಿಷಯ.

ಈ ಪ್ರಶ್ನೆ ಬಂದಾಗ ಹೆಚ್ಚಿನವರು ಮೊದಲು ಕೇಳುವುದು, ಮಳೆ ಒಳಗೆ ಬಾರದ ಬಟ್ಟೆ ಯಾವುದು ಎಂದು. ಆದರೆ ನಮ್ಮ ಸೀಮೆಯಲ್ಲಿ ಸವಾರನನ್ನು ಮೊದಲು ತೋಯಿಸುವುದು ಅವನ ಬೆವರೇ. ಬೆವರನ್ನು ಹೊರಗೆ ಕಳಿಸಲಾರದ ಬಟ್ಟೆ ಎಷ್ಟು ಮಳೆ ತಡೆದರೂ ನಮಗೆ ಒದಗುವುದಿಲ್ಲ. ಬೇಗ ಒಣಗುವ ಬಟ್ಟೆಯಾದರೆ ಸ್ವಲ್ಪ ಮಳೆ ಒಳಗೆ ಇಳಿದರೂ ಮೈ ತಡೆದುಕೊಳ್ಳುತ್ತದೆ. ನಾನು ಮುಂದೆ ಹೇಳುವುದೆಲ್ಲ ಈ ಮಾತಿನ ವಿವರಣೆಯೇ.

ಲೆಕ್ಕದಿಂದ ಆರಂಭಿಸೋಣ. ಸೈಕಲ್ ತುಳಿಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಸುಮಾರು 20ರಿಂದ 25 ಪ್ರತಿಶತ ಮಾತ್ರ, ಉಳಿದದ್ದು ಶಾಖವಾಗುತ್ತದೆ. ಸಾಧಾರಣ ಅಭ್ಯಾಸವಿರುವ ಸವಾರನೊಬ್ಬ ಪೆಡಲಿನ ಮೇಲೆ 150 ವಾಟ್ ಹಾಕುತ್ತಿದ್ದಾನೆಂದರೆ ಅವನ ಮೈಯಿಂದ 500 ವಾಟಿನ ಆಸುಪಾಸಿನ ಶಾಖ ಹೊರಗೆ ಹೋಗಲೇಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆವಿಯಾಗುವಾಗ ಸುಮಾರು 2,400 ಕಿಲೊಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಅಷ್ಟೂ ಶಾಖವನ್ನು ಬೆವರೊಂದೇ ಕಳೆಯಬೇಕಾದರೆ ತಾಸಿಗೆ ಮುಕ್ಕಾಲು ಲೀಟರ್ ಆವಿಯಾಗಬೇಕಾಗುತ್ತದೆ. ಗಾಳಿ ತಾನೇ ಒಂದು ಪಾಲನ್ನು ಕಳೆಯುವುದರಿಂದ ವಾಸ್ತವದಲ್ಲಿ ಅಷ್ಟು ಬೇಡ. ಆದರೂ ಅಂಗಿಯೊಂದು ತಾಸಿಗೆ ಅರ್ಧ ಲೀಟರಿನಷ್ಟು ನೀರಿನ ವ್ಯವಹಾರ ನಡೆಸಬೇಕಾದ ವಸ್ತು ಎಂಬುದು ಇದರಿಂದ ತಿಳಿಯುತ್ತದೆ. ಹನಿಯಾಗಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಆವಿಯಾದದ್ದು ಮಾತ್ರ ತಂಪು ಮಾಡುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಇಷ್ಟು ನೀರನ್ನು ಹತ್ತಿಯ ಬಟ್ಟೆ ಹೇಗೆ ನಿಭಾಯಿಸುತ್ತದೆ? ಹತ್ತಿ ಬೆಳೆದ ನಾಡಿನಲ್ಲಿ ನಿಂತು ಹತ್ತಿಯ ಬಗ್ಗೆ ಹಗುರವಾಗಿ ಮಾತನಾಡಲು ನನಗೆ ಮನಸ್ಸಿಲ್ಲ. ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿದ ಮೊದಲ ವಾಣಿಜ್ಯ ಹೈಬ್ರಿಡ್ ವರಲಕ್ಷ್ಮಿ, 1972ರಲ್ಲಿ, ಇದೇ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಿ. ಎಚ್. ಕತರ್ಕಿಯವರ ಕೈಯಿಂದ ಬಂತು. ಮುಂದೆ ಡಿಸಿಎಚ್-32 ಎಂಬ ಉದ್ದನೆಯ ಎಳೆಯ ತಳಿಯೂ ಇಲ್ಲಿಂದಲೇ ಹೊರಟಿತು. ಆ ಎಳೆಯ ಗುಣವೇ ನೀರನ್ನು ಪ್ರೀತಿಸುವುದು. ಹತ್ತಿಯ ಸೆಲ್ಯುಲೋಸ್ ಕಣಗಳು ನೀರಿನ ಕಣಗಳನ್ನು ಹಿಡಿದುಕೊಳ್ಳುತ್ತವೆ, ನೀರು ಎಳೆಯ ಒಳಗೇ ಹೋಗಿ ಕೂರುತ್ತದೆ, ಎಳೆ ಉಬ್ಬುತ್ತದೆ. 65 ಪ್ರತಿಶತ ಆರ್ದ್ರತೆಯ ಗಾಳಿಯಲ್ಲಿ ಸುಮ್ಮನೆ ಇಟ್ಟ ಹತ್ತಿಯೂ ತನ್ನ ತೂಕದ ಸುಮಾರು 8 ಪ್ರತಿಶತ ನೀರನ್ನು ಹಿಡಿದಿರುತ್ತದೆ. ನೈಲಾನ್ ಸುಮಾರು 4, ಪಾಲಿಯೆಸ್ಟರ್ ಕೇವಲ 0.4 ಪ್ರತಿಶತ. ಬೆವರಿನಲ್ಲಿ ಪೂರ್ತಿ ತೊಯ್ದ ಹತ್ತಿಯ ಟಿ-ಶರ್ಟು ತನ್ನ ತೂಕವನ್ನು ಮೀರಿದ ನೀರನ್ನು ಹೊತ್ತು, ಮೈಗೆ ಅಂಟಿ, ತಾಸುಗಟ್ಟಲೆ ಒಣಗದೆ ಉಳಿಯುತ್ತದೆ. ಏಪ್ರಿಲ್ ತಿಂಗಳ ಒಣ ಬಿಸಿಲಿನಲ್ಲಿ, ಪೇಟೆಯೊಳಗೆ ನಿಧಾನವಾಗಿ ಓಡಾಡುವವರಿಗೆ ಆ ಒದ್ದೆಯೇ ಹಿತ; ಅಂತಹವರಿಗೆ ಖಾದಿಯ ಅಂಗಿಗಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ. ಮಳೆಗಾಲದಲ್ಲಿ ದೂರ ಹೋಗುವವರಿಗೆ ಮಾತ್ರ ಅದು ಒಪ್ಪುವುದಿಲ್ಲ, ಏಕೆಂದರೆ ನಿಂತ ಗಾಳಿಗೆ ಹೋಲಿಸಿದರೆ ನೀರು ಶಾಖವನ್ನು 24 ಪಟ್ಟಿನಷ್ಟು ಬೇಗ ಸಾಗಿಸುತ್ತದೆ, ಒದ್ದೆ ಬಟ್ಟೆ ಮೈಗೆ ಅಂಟಿದ ಕ್ಷಣದಿಂದ ಚಳಿ ಆರಂಭವಾಗುತ್ತದೆ.

ಪಾಲಿಯೆಸ್ಟರ್ ಎಳೆಯನ್ನು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಮೊದಲು ತೆಗೆದರು. ಅದು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀರೇನಿದ್ದರೂ ಎಳೆ ಎಳೆಗಳ ನಡುವಿನ ಸಂದಿನಲ್ಲಿ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವಂತೆ, ಸಂದು ಸಣ್ಣದಾಗಿದ್ದಷ್ಟೂ ನೀರು ತಾನಾಗಿ ಅದರೊಳಗೆ ಹರಿಯುತ್ತದೆ. ಸೈಕಲ್ ಅಂಗಿಯ ಬಟ್ಟೆ ಮಾಡುವವರು ಈ ಗುಣವನ್ನು ಎರಡು ಬಗೆಯಲ್ಲಿ ಹೆಚ್ಚಿಸಿಕೊಳ್ಳುತ್ತಾರೆ. ಎಳೆಯ ಅಡ್ಡಕೊಯ್ತ ದುಂಡಗಿರದೆ ನಾಲ್ಕು ಕಾಲುವೆಗಳುಳ್ಳದ್ದಾಗಿದ್ದರೆ ಆ ಕಾಲುವೆಗಳೇ ನೀರಿನ ದಾರಿಯಾಗುತ್ತವೆ. 1986ರಲ್ಲಿ ಡ್ಯುಪಾಂಟ್ ಕಂಪನಿ ತಂದ ಕೂಲ್‌ಮ್ಯಾಕ್ಸ್ ಈ ಬಗೆಯದು. ಇನ್ನೊಂದು ಉಪಾಯ ಎರಡು ಮುಖದ ಹೆಣಿಗೆ. ಚರ್ಮದ ಕಡೆ ದಪ್ಪ ಎಳೆ, ದೊಡ್ಡ ಸಂದು. ಹೊರಗಡೆ ಬಹಳ ಸಣ್ಣ ಎಳೆ, ಸಣ್ಣ ಸಂದು. ದೊಡ್ಡ ಸಂದಿನಿಂದ ಸಣ್ಣ ಸಂದಿಗೆ ನೀರು ತಾನೇ ಸೆಳೆಯಲ್ಪಡುತ್ತದೆ, ಹಿಂದಕ್ಕೆ ಬರಲು ಒಪ್ಪುವುದಿಲ್ಲ. ಹೊರಮುಖದಲ್ಲಿ ಅಗಲವಾಗಿ ಹರಡಿಕೊಂಡ ನೀರು ಗಾಳಿಗೆ ಸಿಕ್ಕು ಬೇಗ ಆವಿಯಾಗುತ್ತದೆ, ಒಳಮುಖ ಬಹುಮಟ್ಟಿಗೆ ಒಣಗಿಯೇ ಉಳಿಯುತ್ತದೆ. ಇದೆಲ್ಲ ನಡೆಯಬೇಕಾದರೆ ಬಟ್ಟೆ ಚರ್ಮವನ್ನು ಮುಟ್ಟಿಕೊಂಡಿರಬೇಕು. ಸೈಕಲ್ ಅಂಗಿಗಳು ಮೈಗೆ ಹತ್ತಿಕೊಂಡಿರುವುದಕ್ಕೆ, ಅವುಗಳಲ್ಲಿ ಲೈಕ್ರಾದಂತಹ ಹಿಗ್ಗುವ ಎಳೆಯನ್ನು ಬೆರೆಸುವುದಕ್ಕೆ ಇದು ಮುಖ್ಯ ಕಾರಣ. ಸಡಿಲವಾಗಿ ಜೋತಾಡುವ ಅಂಗಿಯಲ್ಲಿ ಅತ್ಯುತ್ತಮ ಬಟ್ಟೆಯೂ ಅರ್ಧ ಕೆಲಸ ಮಾತ್ರ ಮಾಡುತ್ತದೆ.

ಉಣ್ಣೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ, ಎಲ್ಲರಿಗಿಂತ ಮುಂದಿರುವ ಸವಾರ ತೊಡುವ ಹಳದಿ ಅಂಗಿ 1919ರಲ್ಲಿ ಮೊದಲು ಬಂದಾಗ ಅದು ಉಣ್ಣೆಯದೇ ಆಗಿತ್ತು, ಮುಂದೆ ದಶಕಗಳ ಕಾಲ ಪಂದ್ಯದ ಸವಾರರೆಲ್ಲ ಉಣ್ಣೆಯನ್ನೇ ತೊಟ್ಟರು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ಆವಿಯನ್ನು ಎಳೆಯೊಳಗೆ ಹೀರಿಕೊಂಡರೂ ಒದ್ದೆ ಎನಿಸುವುದಿಲ್ಲ, ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ರಾಣೆಬೆನ್ನೂರು, ಬ್ಯಾಡಗಿಯ ಕಡೆ ಕುರಿ ಕಾಯುವವರು ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಲ್ಲುವುದನ್ನು ಕಂಡವರಿಗೆ ಉಣ್ಣೆಯ ಶಕ್ತಿಯನ್ನು ಬೇರೆ ವಿವರಿಸಬೇಕಿಲ್ಲ. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಮೈಗೆ ತಾಗಿಸಿಕೊಳ್ಳುವ ಅಂಗಿಗೆ ಬೇಕಾದದ್ದು 17ರಿಂದ 19 ಮೈಕ್ರಾನ್ ದಪ್ಪದ ಮೆರಿನೊ, ಎಂದರೆ ಆ ಹೆಸರಿನ ತಳಿಯ ಕುರಿಯ ನಯವಾದ ಉಣ್ಣೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಹೊರಡುವವರಿಗೆ ತೆಳ್ಳನೆಯ ಮೆರಿನೊ ಅಂಗಿ ಬಹಳ ಹಿತ, ವಾಸನೆಯೂ ಕಡಿಮೆ. ಆದರೆ ಅದು ನಿಧಾನವಾಗಿ ಒಣಗುತ್ತದೆ, ಬೆಲೆ ಹೆಚ್ಚು, ಬೆನ್ನ ಜೇಬಿನ ಭಾರಕ್ಕೆ ಜಗ್ಗುತ್ತದೆ. ಆಷಾಢಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಈಗ ಗಾಳಿಯ ವಿಷಯ. ನಮ್ಮ ಸೀಮೆಯ ಮಟ್ಟಿಗೆ ಇದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಡುವಣದಿಂದ ಮೂಡಣಕ್ಕೆ ಬಿಡದೆ ಬೀಸುತ್ತದೆ. ಹುಬ್ಬಳ್ಳಿಯಿಂದ ಗದಗಿಗೆ ಹೊರಟವರ ಬೆನ್ನಿಗೆ ಆ ಗಾಳಿ. ಗಾಳಿಯ ವೇಗ ತಾಸಿಗೆ 20 ಕಿ.ಮೀ., ಸವಾರನದು 25 ಎಂದು ಹಿಡಿದರೆ, ಅವನ ಎದೆಗೆ ತಗಲುವ ಗಾಳಿ ಬರೀ 5 ಕಿ.ಮೀ. ವೇಗದ್ದು. ಹಾಯಾಗಿ ಹೋಗುತ್ತಿದ್ದೇನೆ ಎಂದು ಅನಿಸುವ ಆ ಹೊತ್ತಿನಲ್ಲಿಯೇ ಬೆವರು ಆವಿಯಾಗದೆ ಅಂಗಿಯಲ್ಲಿ ಕೂಡಿಕೊಳ್ಳುತ್ತಿರುತ್ತದೆ. ಗದಗಿನಲ್ಲಿ ಚಹಾ ಕುಡಿದು ತಿರುಗಿದ ಕೂಡಲೆ ಲೆಕ್ಕ ತಲೆಕೆಳಗಾಗುತ್ತದೆ. ಸವಾರನ ವೇಗ 18ಕ್ಕೆ ಇಳಿದರೂ ಎದೆಗೆ ಬಡಿಯುವ ಗಾಳಿ 38 ಕಿ.ಮೀ. ವೇಗದ್ದಾಗುತ್ತದೆ. ಗಾಳಿಯಿಂದ ಮೈ ಕಳೆದುಕೊಳ್ಳುವ ಶಾಖ ಸ್ಥೂಲವಾಗಿ ವೇಗದ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ, ಹೋಗುವಾಗಿನದಕ್ಕಿಂತ ಬರುವಾಗ ಎರಡೂವರೆ ಪಟ್ಟಿಗೂ ಹೆಚ್ಚು ಶಾಖ ಹೋಗುತ್ತದೆ. ಅಂಗಿಯಲ್ಲಿ ಕೂಡಿಕೊಂಡ ಬೆವರು ಆಗ ಒಮ್ಮೆಲೇ ಆವಿಯಾಗತೊಡಗಿ ಚಳಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮಳೆಯ ಒಂದು ಹನಿಯೂ ಬೀಳದ ದಿನ ಅಣ್ಣಿಗೇರಿಯ ಹತ್ತಿರ ಹಲ್ಲು ಕಟಕಟಿಸುವ ಸವಾರರನ್ನು ನಾನು ಕಂಡಿದ್ದೇನೆ. ಅವರು ಮಳೆಯ ಕೋಟು ತರಲಿಲ್ಲವೆಂದು ಮರುಗುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಹೋಗುವಾಗ ಬೇಗ ಒಣಗುವ ಬಟ್ಟೆ, ಬರುವಾಗ ಎದೆಯ ಮೇಲೆ ಗಾಳಿ ತಡೆಯುವ ಒಂದು ತೆಳ್ಳನೆಯ ಪದರ.

ಒಳ್ಳೆಯ ತುಂಬುತೋಳಿನ ಅಂಗಿಯನ್ನು ಒಂದೇ ಬಟ್ಟೆಯಿಂದ ಹೊಲಿಯದೆ ಭಾಗಕ್ಕೊಂದು ಬಟ್ಟೆ ಹಾಕುವುದು ಇದೇ ಕಾರಣಕ್ಕೆ. ಎದೆ ಮತ್ತು ಹೆಗಲ ಮುಂಭಾಗಕ್ಕೆ ದಟ್ಟವಾದ, ಗಾಳಿ ಸುಲಭವಾಗಿ ತೂರದ ಹೆಣಿಗೆ. ಬೆನ್ನಿಗೆ ಮತ್ತು ಕಂಕುಳಿಗೆ ಜಾಳುಜಾಳಾದ ಬಟ್ಟೆ. ತೋಳಿಗೆ ತೆಳ್ಳನೆಯ, ಎಲ್ಲ ದಿಕ್ಕಿಗೂ ಹಿಗ್ಗುವ ಬಟ್ಟೆ. ತೋಳುಗಳು ಗಾಳಿಗೆ ಎರಡೂ ಕಡೆಯಿಂದ ತೆರೆದುಕೊಂಡಿರುವುದರಿಂದ ಬೆವರು ಆವಿಯಾಗಲು ಅವು ಒಳ್ಳೆಯ ಜಾಗ. ತೋಳಿನ ಬಟ್ಟೆ ಬೇಗ ಹೀರಿ ಬೇಗ ಒಣಗುವಂಥದ್ದಾದರೆ ಬರಿತೋಳಿಗಿಂತ ಅದೇ ಹಿತವಾಗಿರುತ್ತದೆ, ಏಕೆಂದರೆ ಬರಿತೋಳಿನ ಮೇಲಿನ ಬೆವರು ಹನಿಗೂಡಿ ಮೊಣಕೈಯಿಂದ ತೊಟ್ಟಿಕ್ಕಿ ವ್ಯರ್ಥವಾಗುತ್ತದೆ, ಬಟ್ಟೆಯಾದರೆ ಅದನ್ನು ತೆಳುವಾಗಿ ಹರಡುತ್ತದೆ. ತುಂಬುತೋಳು ಎಂದರೆ ಸೆಕೆ ಎಂಬ ಭಾವನೆಯನ್ನು ದಯವಿಟ್ಟು ಬಿಡಿ.

ಮಳೆ ತಡೆಯುವುದಕ್ಕಿಂತ ಗಾಳಿ ತಡೆದು ಬೆವರು ಬಿಡುವುದು ಮುಖ್ಯವೆಂಬುದು ಪಂದ್ಯಗಳ ಜಗತ್ತಿಗೂ ಮನದಟ್ಟಾದ ಸಂದರ್ಭವೊಂದಿದೆ. 2013ರ ಮಾರ್ಚ್ 17ರಂದು ಇಟಲಿಯ ಮಿಲಾನ್–ಸಾನ್ ರೆಮೊ ಪಂದ್ಯದಲ್ಲಿ ಹಿಮ ಸುರಿದು, ತುರ್ಕಿನೊ ಕಣಿವೆಯ ದಾರಿಯನ್ನು ಸವಾರರು ಬಸ್ಸಿನಲ್ಲಿ ದಾಟಬೇಕಾಯಿತು. ಆ ದಿನ ಕ್ಯಾಸ್ಟೆಲ್ಲಿ ಕಂಪನಿಯ ಗಬ್ಬಾ ಎಂಬ ಅಂಗಿಯನ್ನು ಬೇರೆ ಕಂಪನಿಗಳ ಪ್ರಾಯೋಜಕತ್ವವಿದ್ದ ತಂಡಗಳವರೂ ಅದರ ಗುರುತನ್ನು ಮಸಿಯಿಂದ ಮರೆಮಾಡಿ ತೊಟ್ಟಿದ್ದರು. ಅದು ಮಳೆಯ ಕೋಟಾಗಿರಲಿಲ್ಲ. ಗಾಳಿ ತಡೆಯುವ, ಹಿಗ್ಗುವ, ಮೈಗೆ ಅಂಟಿದ ಗಿಡ್ಡ ತೋಳಿನ ಅಂಗಿಯಾಗಿತ್ತು. ಇಂದಿನ ತುಂಬುತೋಳಿನ ಮಳೆಗಾಲದ ಅಂಗಿಗಳಲ್ಲಿ ಹಲವು ಅದೇ ದಾರಿಯಲ್ಲಿ ಬಂದವು.

ಹಾಗಾದರೆ ಪೂರ್ತಿ ನೀರು ತಡೆಯುವ ಬಟ್ಟೆಗೆ ಏನಾಯಿತು? 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಕಾಯಿಸಿ ಥಟ್ಟನೆ ಎಳೆದು ಸೂಕ್ಷ್ಮ ರಂಧ್ರಗಳ ಪೊರೆ ಮಾಡಿದರು. ಅದರ ರಂಧ್ರ ನೀರಿನ ಹನಿಗಿಂತ ಬಹಳ ಸಣ್ಣದು, ಆವಿಯ ಕಣಕ್ಕಿಂತ ದೊಡ್ಡದು. ಹೀಗಾಗಿ ಮಳೆ ಒಳಗೆ ಬಾರದು, ಆವಿ ಹೊರಗೆ ಹೋದೀತು. ತತ್ತ್ವ ನಿಜ. ಆದರೆ ಆವಿಯನ್ನು ಹೊರಗೆ ತಳ್ಳುವುದು ಒಳಗಿನ ಮತ್ತು ಹೊರಗಿನ ಆವಿಯ ಒತ್ತಡಗಳ ನಡುವಿನ ಅಂತರ. ಬೆವರಿದ ಚರ್ಮದ ಮೇಲೆ, 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆ ಒತ್ತಡ 5.3 ಕಿಲೊಪಾಸ್ಕಲ್. ಯುರೋಪಿನ ಚಳಿಯ ದಿನ ಹೊರಗೆ 5 ಡಿಗ್ರಿ, 80 ಪ್ರತಿಶತ ಆರ್ದ್ರತೆ ಇದ್ದರೆ ಹೊರಗಿನ ಒತ್ತಡ 0.7, ಅಂತರ 4.6. ಧಾರವಾಡದ ಜುಲೈ ಮುಂಜಾನೆ 22 ಡಿಗ್ರಿ, 95 ಪ್ರತಿಶತ ಎಂದು ಹಿಡಿದರೆ ಹೊರಗಿನ ಒತ್ತಡ 2.5, ಅಂತರ 2.8 ಮಾತ್ರ. ಅದೇ ಪೊರೆ, ಅದೇ ಬೆಲೆ, ತಳ್ಳುವ ಬಲ ಮಾತ್ರ ಸುಮಾರು 60 ಪ್ರತಿಶತಕ್ಕೆ ಇಳಿಯಿತು. ಅದರ ಮೇಲೆ ಹೊರಮುಖದ ಬಟ್ಟೆ ಮಳೆಯಲ್ಲಿ ತೊಯ್ದು ನೀರಿನ ಪದರ ಕಟ್ಟಿದರೆ ಆವಿಯ ದಾರಿ ಇನ್ನೂ ಕಿರಿದಾಗುತ್ತದೆ. ಸಾವಿರಾರು ರೂಪಾಯಿಯ ಕೋಟಿನೊಳಗೆ ನಮ್ಮವರು ಬೆವರಿನಲ್ಲಿ ತೊಯ್ದು ಬರುವುದಕ್ಕೆ ಕೋಟಿನ ದೋಷ ಕಾರಣವಲ್ಲ. ಅದನ್ನು ತೆಗೆದುಕೊಂಡು ಹೋದ ಹವೆ ಅದಕ್ಕೆ ಹೊಂದುವುದಿಲ್ಲ. ದಾಂಡೇಲಿ, ಯಲ್ಲಾಪುರದ ಕಡೆಯ ದಿನವಿಡೀ ಸುರಿಯುವ ಮಳೆಯಲ್ಲಿ, ಇಳಿಜಾರಿನಲ್ಲಿ, ಚಕ್ರ ಕೆಟ್ಟು ನಿಂತಾಗ ಅಂತಹ ಕೋಟು ಬೇಕಾದೀತು. ಊರ ಸುತ್ತಿನ ಬಿಟ್ಟುಬಿಟ್ಟು ಬರುವ ಮಳೆಗೆ, ನೀರು ಜಾರುವ ಲೇಪವಿರುವ ಹೆಣಿಗೆಯ ಅಂಗಿಯೇ ಸಾಕು: ಜಿಟಿಜಿಟಿ ಹನಿ ಮೇಲೆಯೇ ಮಣಿಗಟ್ಟಿ ಉರುಳುತ್ತದೆ, ಜೋರು ಮಳೆ ಒಳಗೆ ಬಂದರೂ ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಒಣಗುತ್ತದೆ.

ಆ ಲೇಪದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಬಹಳ ವರ್ಷ ಈ ಲೇಪಗಳಲ್ಲಿ ಫ್ಲೋರಿನ್ ಸಂಯುಕ್ತಗಳನ್ನು ಬಳಸುತ್ತಿದ್ದರು. ಅವು ನೀರನ್ನೂ ಎಣ್ಣೆಯನ್ನೂ ಚೆನ್ನಾಗಿ ತಡೆಯುತ್ತವೆ, ಆದರೆ ಮಣ್ಣಿನಲ್ಲಿ, ನೀರಿನಲ್ಲಿ ಕರಗಿ ನಾಶವಾಗದೆ ಉಳಿಯುತ್ತವೆ. ಅವುಗಳಲ್ಲೊಂದಾದ ಪಿಎಫ್‌ಒಎ ಎಂಬುದನ್ನು 2019ರಲ್ಲಿ, ಇಂತಹ ನಾಶವಾಗದ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿಸಲಾಯಿತು. 2025ರ ಜನವರಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳು ಉಡುಪುಗಳಲ್ಲಿ ಈ ಇಡೀ ವರ್ಗದ ಬಳಕೆಗೆ ಕಡಿವಾಣ ಹಾಕಿವೆ. ಈಗ ಬರುತ್ತಿರುವ ಸಿಲಿಕೋನ್ ಮತ್ತು ಮೇಣದ ಲೇಪಗಳು ಎಣ್ಣೆಯ ಜಿಡ್ಡಿಗೆ ಬೇಗ ಸೋಲುತ್ತವೆಯಾದರೂ, ನಮ್ಮ ಕೆಲಸಕ್ಕೆ ಅವು ಸಾಕು. ಕೊಳ್ಳುವಾಗ ಫ್ಲೋರಿನ್ ಇಲ್ಲದ ಲೇಪವೇ ಎಂದು ಕೇಳಿ ಕೊಳ್ಳಬೇಕೆಂದು ನಾನು ಎಲ್ಲರನ್ನೂ ಕೋರುತ್ತೇನೆ.

ಬಿಸಿಲಿನ ಮಾತು ಸರಳ. ಉತ್ತರ ಅಕ್ಷಾಂಶ 15ರ ಆಸುಪಾಸಿನಲ್ಲಿರುವ ನಮಗೆ ಮಾರ್ಚಿನಿಂದ ಮೇ ತಿಂಗಳವರೆಗೆ ನಡುಹಗಲಿನ ನೇರಳಾತೀತ ಕಿರಣ ಬಹಳ ತೀಕ್ಷ್ಣ. ಬಟ್ಟೆಯ ಮೇಲೆ ಯುಪಿಎಫ್ 50 ಎಂದು ಬರೆದಿದ್ದರೆ ಆ ಕಿರಣದ ಐವತ್ತರಲ್ಲಿ ಒಂದು ಪಾಲು, ಎಂದರೆ 2 ಪ್ರತಿಶತ ಮಾತ್ರ ಒಳಗೆ ಬರುತ್ತದೆ ಎಂದರ್ಥ. ದಟ್ಟ ಬಣ್ಣದ, ಬಿಗಿಯಾದ ಹೆಣಿಗೆಯ ಪಾಲಿಯೆಸ್ಟರ್ ಇದಕ್ಕೆ ಒಳ್ಳೆಯದು. ತೊಯ್ದ ಬಿಳಿ ಹತ್ತಿ ಬಹಳ ದುರ್ಬಲ. ಅಂಗಿ ಅತಿಯಾಗಿ ಹಿಗ್ಗುವಷ್ಟು ಬಿಗಿಯಾಗಿದ್ದರೆ ಹೆಣಿಗೆಯ ಕಣ್ಣುಗಳು ತೆರೆದುಕೊಂಡು ಈ ರಕ್ಷಣೆ ಕುಗ್ಗುತ್ತದೆ ಎಂಬುದನ್ನು ತೋಳಿನ ಅಳತೆ ನೋಡುವಾಗ ಗಮನಿಸಿ.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಹೇಗೆ ಎಂದು ಹಲವರು ಕೇಳಿದ್ದೀರಿ. ಬಟ್ಟೆಯ ಒಳಮುಖಕ್ಕೆ ಒಂದು ಹನಿ ನೀರು ಬಿಡಿ. ಒಂದೆರಡು ಕ್ಷಣದಲ್ಲಿ ಅದು ಇಂಗಿ, ಹೊರಮುಖದಲ್ಲಿ ಒಳಗಿನದಕ್ಕಿಂತ ದೊಡ್ಡ ವೃತ್ತವಾಗಿ ಹರಡಿದರೆ ಹೆಣಿಗೆ ಎರಡು ಮುಖದ್ದು, ಒಳ್ಳೆಯದು. ಎದೆಯ ಭಾಗವನ್ನು ಬಾಯಿಗೆ ಹಿಡಿದು ಊದಿ, ಅನಂತರ ಬೆನ್ನಿನ ಭಾಗವನ್ನು ಊದಿ. ಎರಡರಲ್ಲೂ ಗಾಳಿ ಒಂದೇ ರೀತಿ ಹಾದರೆ ಅದು ಹೆಸರಿಗಷ್ಟೇ ಎಲ್ಲ ಹವೆಯ ಅಂಗಿ. ಚದರ ಮೀಟರಿಗೆ 120ರಿಂದ 140 ಗ್ರಾಂ ತೂಕದ ಬಟ್ಟೆ ನಮ್ಮಲ್ಲಿ ವರ್ಷದ ಬಹುಪಾಲಿಗೆ ಹೊಂದುತ್ತದೆ. ಒಳಗೆ ನಯವಾದ ಜುಂಗಿರುವ 200 ಗ್ರಾಮಿಗೂ ಮೇಲ್ಪಟ್ಟ ಬಟ್ಟೆ ಚಳಿನಾಡಿನವರಿಗೆ ಮಾಡಿದ್ದು. ಕೊರಳಿನಿಂದ ಕೆಳಗಿನವರೆಗೂ ಬಿಚ್ಚುವ ಝಿಪ್ ಇರಲೇಬೇಕು, ಏಕೆಂದರೆ ಏರಿನಲ್ಲಿ ಅದನ್ನು ಒಂದು ಗೇಣು ಇಳಿಸುವುದರಿಂದ ಆಗುವ ಉಪಕಾರ ಯಾವ ನೂಲಿನಿಂದಲೂ ಆಗುವುದಿಲ್ಲ. ಬ್ರೆವೆ ಎಂದರೆ ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಬೇಕಾದ ದೂರದ ಸವಾರಿ; 200 ಕಿ.ಮೀ. ಬ್ರೆವೆಗೆ ಸಿಗುವ ಅವಧಿ ಹದಿಮೂರೂವರೆ ತಾಸು. ನಸುಕಿನ ತಂಪು, ನಡುಹಗಲಿನ ಬಿಸಿಲು, ಸಂಜೆಯ ಮಳೆ ಮೂರೂ ಅದರಲ್ಲಿ ಬರುತ್ತವೆ. ಅಂತಹ ದಿನಕ್ಕೆ ಈ ತೂಕದ ತುಂಬುತೋಳಿನ ಅಂಗಿ ಒಂದು, ಮಡಿಸಿ ಬೆನ್ನ ಜೇಬಿನಲ್ಲಿ ಇಡಬಹುದಾದ ತೋಳಿಲ್ಲದ ಗಾಳಿತಡೆ ಜಾಕೀಟು ಒಂದು ಇದ್ದರೆ ಸಾಕು. ಜಾಕೀಟು ಇಲ್ಲದವರು ಇಳಿಜಾರಿಗೆ ಮೊದಲು ಒಂದು ದಿನಪತ್ರಿಕೆಯನ್ನು ಮಡಿಸಿ ಅಂಗಿಯೊಳಗೆ ಎದೆಯ ಮೇಲೆ ಇಟ್ಟುಕೊಳ್ಳಬಹುದು. ಹಳೆಯ ಕಾಲದ ಪಂದ್ಯದ ಸವಾರರು ಆಲ್ಪ್ಸ್ ಪರ್ವತಗಳಲ್ಲಿ ಮಾಡುತ್ತಿದ್ದದ್ದು ಇದನ್ನೇ.

ಉಪನ್ಯಾಸದ ಕೊನೆಗೆ ಮಹಿಳೆಯೊಬ್ಬರು, ಇಂತಹ ಬಟ್ಟೆಯನ್ನು ಒಗೆದಾಗಲೆಲ್ಲ ಪ್ಲಾಸ್ಟಿಕ್ ಎಳೆ ನೀರಿಗೆ ಸೇರುವುದಿಲ್ಲವೇ ಎಂದು ಕೇಳಿದರು. ಸೇರುತ್ತದೆ. ಇದು ಪಾಲಿಯೆಸ್ಟರಿನ ನಿಜವಾದ ದೋಷ, ಇದನ್ನು ನಾನು ಸಣ್ಣದು ಮಾಡಿ ಹೇಳಲಾರೆ. ಜುಂಗಿನ ಬಟ್ಟೆಯಿಂದ ಎಳೆ ಉದುರುವುದು ಹೆಚ್ಚು, ಬಿಗಿಯಾದ ನಯ ಹೆಣಿಗೆಯಿಂದ ಕಡಿಮೆ. ಬಿಸಿನೀರು, ಗಡುಸಾದ ಉಜ್ಜುವಿಕೆ, ದೀರ್ಘ ಕಾಲದ ತಿರುಗಾಟ ಎಲ್ಲವೂ ಅದನ್ನು ಹೆಚ್ಚಿಸುತ್ತವೆ. ತಣ್ಣೀರಿನಲ್ಲಿ, ಸ್ವಲ್ಪ ಸೋಪಿನಲ್ಲಿ ಹಿಂಡದೆ ಕೈಯಿಂದ ಅಲುಬಿ ನೆರಳಿನಲ್ಲಿ ಹರವಿದರೆ ಎಳೆಯೂ ಉಳಿಯುತ್ತದೆ, ಹಿಗ್ಗುವ ಗುಣವೂ ಉಳಿಯುತ್ತದೆ. ಸವಾರಿಯಿಂದ ಬಂದ ಕೂಡಲೆ ಬರಿ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುವುದರಿಂದ ವಾಸನೆ ಹುಟ್ಟುವುದಿಲ್ಲ. ಬಟ್ಟೆ ಮೃದುವಾಗಲೆಂದು ಹಾಕುವ ಕಂಫರ್ಟ್‌ನಂತಹ ದ್ರವವನ್ನು ಮಾತ್ರ ಎಂದೂ ಹಾಕಬಾರದು; ಅದು ಎಳೆಗಳ ಮೇಲೆ ಜಿಡ್ಡಿನ ಪದರ ಕಟ್ಟಿ, ಬೆವರು ಹೀರುವ ಗುಣವನ್ನೂ ನೀರು ಜಾರುವ ಲೇಪವನ್ನೂ ಕೆಡಿಸುತ್ತದೆ. ಲೇಪ ಮಂಕಾಗಿ ಹನಿ ಮಣಿಗಟ್ಟದಿದ್ದರೆ, ಒಣಗಿದ ಅಂಗಿಯ ಮೇಲೆ ಒಂದು ತೆಳ್ಳನೆಯ ಬಟ್ಟೆ ಹಾಸಿ, ಅಂಗಿಯ ಪಟ್ಟಿಯಲ್ಲಿ ಇಸ್ತ್ರಿಗೆ ಒಪ್ಪಿಗೆ ಇದೆಯೇ ಎಂದು ನೋಡಿಕೊಂಡು, ಹಗುರವಾದ ಬಿಸಿಯಲ್ಲಿ ಎಳೆಯಿರಿ. ಮಲಗಿದ ಲೇಪ ಬಹಳಷ್ಟು ಸಲ ಮತ್ತೆ ಎದ್ದು ನಿಲ್ಲುತ್ತದೆ, ಹೊಸ ಅಂಗಿ ಕೊಳ್ಳುವ ಪ್ರಸಂಗ ಒಂದೆರಡು ಮಳೆಗಾಲ ಮುಂದಕ್ಕೆ ಹೋಗುತ್ತದೆ.